ಸೀದಾ, ಹೊಳ್ಳಿ, ಕೆಳಗ: ನಿತ್ಯದ ಇಂಗ್ಲಿಷಿನ ಪದಜೋಡಣೆ ಮತ್ತು ಗಡಿಗನ್ನಡದ ಕ್ರಿಯಾಪದ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವು ಭಾಷೆಯ ಆಧಾರದ ಮೇಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ ಜಿಲ್ಲೆಗೆ ಸೇರಿದ್ದ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನ್ಯಾಲ್ಕಲ್ ವೃತ್ತ, ಹಾಗೆಯೇ ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಿಗೆ ಬಂದವು. ಅದೇ ವರ್ಷ ಭಾಷಾವಿಜ್ಞಾನಿ ಎಂ. ಬಿ. ಎಮಿನೊ ಭಾರತವನ್ನು ಒಂದು ‘ಭಾಷಿಕ ಪ್ರದೇಶ’ವೆಂದು ವಿವರಿಸಿದ ತಮ್ಮ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಬೇರೆ ಬೇರೆ ಕುಲಗಳಿಗೆ ಸೇರಿದ ಭಾಷೆಗಳು ಶತಮಾನಗಳ ಸಹವಾಸದಿಂದ ರಚನೆಯಲ್ಲಿ ಒಂದನ್ನೊಂದು ಹೋಲತೊಡಗಿವೆ ಎಂಬುದು ಅದರ ಸಾರ. ಒಂದು ಕಡೆ ಭಾಷೆಗಳ ನಡುವೆ ಗೆರೆ ಎಳೆದ ವರ್ಷದಲ್ಲಿಯೇ, ಇನ್ನೊಂದು ಕಡೆ ಆ ಗೆರೆಗಳನ್ನು ದಾಟಿದ ಸಾಮ್ಯಗಳ ಪಟ್ಟಿಯೂ ಸಿದ್ಧವಾಯಿತು.

ಇಂದು ಜಹೀರಾಬಾದ್ ಮತ್ತು ನಾರಾಯಣಖೇಡಗಳು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಈ ಭಾಗದ ಕನ್ನಡ ಮನೆಯ ಮಗು ಮನೆಯಲ್ಲಿ ಬೀದರ ಅಥವಾ ಕಲಬುರಗಿಯ ಕನ್ನಡವನ್ನೂ, ಪೇಟೆಯಲ್ಲಿ ದಖನಿಯನ್ನೂ, ಶಾಲೆಯಲ್ಲಿ ತೆಲುಗನ್ನೂ ಕೇಳುತ್ತ ಬೆಳೆಯುತ್ತದೆ. ತೆಲಂಗಾಣದ 2018ರ ಕಾಯಿದೆಯಂತೆ ಹತ್ತನೆಯ ತರಗತಿಯವರೆಗೆ ತೆಲುಗಿನ ಕಲಿಕೆ ಕಡ್ಡಾಯ. 2022–23ರಿಂದ ಸರ್ಕಾರಿ ಶಾಲೆಗಳ ಒಂದರಿಂದ ಎಂಟನೆಯ ತರಗತಿಗಳಿಗೆ ಇಂಗ್ಲಿಷ್ ಮಾಧ್ಯಮವೂ ಬಂದಿದೆ. ಅದಕ್ಕಾಗಿ ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ತೆಲುಗು ಇರುವ ದ್ವಿಭಾಷಾ ಪುಸ್ತಕಗಳು ಸಿದ್ಧವಾಗಿವೆ. ಈ ಎರಡು ಪುಟಗಳ ನಡುವೆ ಮಗುವಿನ ಮನೆಮಾತಿಗೆ ಸ್ಥಳವಿಲ್ಲ. ಇಂಗ್ಲಿಷ್ ಕಲಿಕೆಗೆ ಕನ್ನಡದಿಂದ ಏನೂ ಒದಗುವುದಿಲ್ಲ ಎಂಬ ಮೌನ ತೀರ್ಮಾನ ಇದರ ಹಿಂದೆ ಇದ್ದಂತಿದೆ. ಆ ತೀರ್ಮಾನ ಎಷ್ಟು ಸರಿ ಎಂಬುದನ್ನು ಇಂಗ್ಲಿಷಿನ ಒಂದು ಸಣ್ಣ, ಆದರೆ ತೊಡಕಿನ ಕ್ಷೇತ್ರದಲ್ಲಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಗುಣವಾಚಕ, ಕ್ರಿಯಾಪದ ಮತ್ತು ದಿಕ್ಕನ್ನು ಸೂಚಿಸುವ ಅವ್ಯಯಗಳು ನಿತ್ಯದ ಇಂಗ್ಲಿಷಿನಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುವ ಬಗೆಯೇ ಆ ಕ್ಷೇತ್ರ.

1. ಒಂದು ವಾಕ್ಯ, ಎರಡು ಜೋಡಣೆ

‘ಷಿ ರ‍್ಯಾನ್ ಸ್ಟ್ರೈಟ್ ಬ್ಯಾಕ್ ಡೌನ್ ಟು ದ ರಿವರ್’ ಎಂಬ ವಾಕ್ಯವನ್ನು ತೆಗೆದುಕೊಳ್ಳಬಹುದು. ಇದರಲ್ಲಿ ಕ್ರಿಯಾಪದ ಒಂದೇ: ‘ರ‍್ಯಾನ್’. ಅದು ಚಲನೆಯ ರೀತಿಯನ್ನು ಮಾತ್ರ ಹೇಳುತ್ತದೆ. ದಾರಿಯ ವಿವರವೆಲ್ಲ ಕ್ರಿಯಾಪದದ ಬಲಕ್ಕೆ ಸಾಲುಗಟ್ಟಿದೆ. ‘ಸ್ಟ್ರೈಟ್’ ಮೂಲತಃ ಗುಣವಾಚಕ. ಇಲ್ಲಿ ಯಾವ ಪ್ರತ್ಯಯವನ್ನೂ ಪಡೆಯದೆ ದಾರಿಯ ಗುಣವನ್ನು ಹೇಳುತ್ತಿದೆ. ‘ಬ್ಯಾಕ್’ ಹೊರಟ ಜಾಗಕ್ಕೆ ಮರಳುವುದನ್ನೂ, ‘ಡೌನ್’ ಇಳಿಜಾರನ್ನೂ ಸೂಚಿಸುತ್ತವೆ. ಕೊನೆಗೆ ಗಮ್ಯಸ್ಥಾನ ಬರುತ್ತದೆ. ಈ ಅನುಕ್ರಮ ಬಹುಮಟ್ಟಿಗೆ ಸ್ಥಿರ. ‘ಬ್ಯಾಕ್ ಡೌನ್’ ಎನ್ನಬಹುದಾದ ಈ ಕಡೆಯಲ್ಲಿ ‘ಡೌನ್ ಬ್ಯಾಕ್’ ಎನ್ನಲಾಗದು. ‘ಸ್ಟ್ರೈಟ್’ ಅಥವಾ ‘ರೈಟ್’ ಅವೆರಡಕ್ಕೂ ಮೊದಲೇ ನಿಲ್ಲಬೇಕು.

ಇದೇ ಮಾತನ್ನು ಕಾಗಿಣಾ ಹೊಳೆಯ ದಂಡೆಯ ತಾಂಡೂರು ಸೀಮೆಯ ಕನ್ನಡದಲ್ಲಿ ‘ಆಕಿ ಸೀದಾ ಹೊಳ್ಳಿ ಕೆಳಗ ಹೊಳಿಗಿ ಓಡಿ ಹೋದ್ಳು’ ಎನ್ನಬಹುದು. ಇಂಗ್ಲಿಷಿನ ಪ್ರತಿಯೊಂದು ಅಂಶಕ್ಕೂ ಇಲ್ಲಿ ಒಂದು ಪ್ರತಿರೂಪವಿದೆ. ‘ಸೀದಾ’ ದಖನಿಯಿಂದ ಬಂದು ಈ ಸೀಮೆಯ ಮೂರೂ ಭಾಷೆಗಳಿಗೆ ಸಮಾನವಾಗಿರುವ ಪದ. ‘ಕೆಳಗ’ ದಿಕ್ಕನ್ನು ಹೇಳುತ್ತದೆ. ‘ಹೊಳ್ಳಿ’ ಎಂಬುದು ‘ಹೊರಳಿ’ ಎಂಬುದರ ಸವೆದ ರೂಪ. ಹೊರಳುವ ಕ್ರಿಯೆಯ ಭೂತನ್ಯೂನವೇ ಇಲ್ಲಿ ದಿಕ್ಸೂಚಕವಾಗಿ ನಿಂತಿದೆ. ಇಂಗ್ಲಿಷಿನ ‘ಬ್ಯಾಕ್’ ಬೆನ್ನು ಎಂಬ ಅಂಗದ ಹೆಸರಿನಿಂದ ಹುಟ್ಟಿತು. ಕನ್ನಡದ ‘ಹೊಳ್ಳಿ’, ‘ತಿರುಗಿ’, ‘ಮರಳಿ’ಗಳು ಮೈ ತಿರುಗಿಸುವ ಕ್ರಿಯೆಯಿಂದ ಹುಟ್ಟಿದವು. ‘ತಿರುಗಿ’, ‘ಮರಳಿ’ಗಳಿಗೆ ‘ಮತ್ತೆ’ ಎಂಬ ಅರ್ಥವೂ ಬೆಳೆದಿರುವುದನ್ನು ಗಮನಿಸಬೇಕು.

ಎರಡು ವಾಕ್ಯಗಳ ನಿಜವಾದ ವ್ಯತ್ಯಾಸ ಕ್ರಿಯಾಪದದಲ್ಲಿದೆ. ಇಂಗ್ಲಿಷಿನಲ್ಲಿ ಕಾಲಸೂಚನೆ ‘ಓಡು’ವುದರ ಮೇಲೆ ಬಿದ್ದಿದೆ. ಕನ್ನಡದಲ್ಲಿ ಓಡುವುದು ಭೂತನ್ಯೂನವಾಗಿ ಹಿಂದೆ ಸರಿದು, ಕಾಲವೂ ಕರ್ತೃವಿನ ಗುರುತೂ ‘ಹೋಗು’ ಎಂಬ ದಾರಿಯ ಕ್ರಿಯೆಗೆ ಅಂಟಿಕೊಂಡಿವೆ. ಇಂಗ್ಲಿಷ್ ರೀತಿಯನ್ನು ಮುಖ್ಯಕ್ರಿಯೆಯಾಗಿಸಿ ದಾರಿಯನ್ನು ಅವ್ಯಯಕ್ಕೆ ಒಪ್ಪಿಸುತ್ತದೆ. ಕನ್ನಡ ದಾರಿಯನ್ನು ಮುಖ್ಯಕ್ರಿಯೆಯಾಗಿಸಿ ರೀತಿಯನ್ನು ನ್ಯೂನಕ್ರಿಯೆಗೆ ಒಪ್ಪಿಸುತ್ತದೆ. ಈ ಲೇಖನದ ಉಳಿದ ಭಾಗವೆಲ್ಲ ಈ ಒಂದು ವ್ಯತ್ಯಾಸದ ವಿಸ್ತರಣೆಯೇ ಆಗಿದೆ.

ಲೆನಾರ್ಡ್ ಟಾಲ್ಮಿ 1985ರಿಂದ ಬೆಳೆಸಿಕೊಂಡು ಬಂದ ವರ್ಗೀಕರಣದಲ್ಲಿ ಇಂಗ್ಲಿಷಿನಂತಹ ಭಾಷೆಗಳು ದಾರಿಯನ್ನು ಕ್ರಿಯಾಪದದ ಹೊರಗಿನ ‘ಉಪಗ್ರಹ’ ಪದಗಳಲ್ಲಿಡುತ್ತವೆ. ಸ್ಪ್ಯಾನಿಷಿನಂತಹವು ದಾರಿಯನ್ನು ಕ್ರಿಯಾಪದದೊಳಗೇ ಇಡುತ್ತವೆ. ಕನ್ನಡವನ್ನು ಎರಡನೆಯ ಗುಂಪಿಗೆ ಸೇರಿಸುವುದು ಸುಲಭ. ಆದರೆ ‘ಓಡಿ ಬಂದ’, ‘ಹಾರಿ ಹೋಯಿತು’, ‘ತೆವಳಿ ದಾಟಿತು’ ಎಂಬಲ್ಲಿ ರೀತಿಯನ್ನು ಹೇಳುವುದೂ ಒಂದು ಕ್ರಿಯೆ, ದಾರಿಯನ್ನು ಹೇಳುವುದೂ ಒಂದು ಕ್ರಿಯೆ. ಸ್ಪ್ಯಾನಿಷಿನ ನಿರೂಪಕ ಹಲವು ಸಲ ರೀತಿಯನ್ನು ಹೇಳದೆಯೇ ಬಿಡುತ್ತಾನೆ. ಕನ್ನಡದ ಮಾತುಗಾರನಿಗೆ ಹಾಗೆ ಬಿಡುವ ಅಗತ್ಯವಿಲ್ಲ. ರೀತಿಗೆ ಅವನ ವಾಕ್ಯದಲ್ಲಿ ಸಿದ್ಧಸ್ಥಾನವೇ ಇದೆ.

2. ಬಂದನೋ, ಹೋದನೋ

ಮುಖ್ಯಕ್ರಿಯೆ ದಾರಿಯದಾಗಿರುವುದರಿಂದ ಕನ್ನಡಕ್ಕೆ ಒಂದು ಹೊಣೆ ಬರುತ್ತದೆ. ‘ಹಿ ಲಿಂಪ್ಡ್ ಇನ್’ ಎಂಬ ಇಂಗ್ಲಿಷ್ ವಾಕ್ಯ ಕುಂಟುವುದನ್ನೂ ಒಳಸೇರುವುದನ್ನೂ ಹೇಳಿ ಸುಮ್ಮನಾಗುತ್ತದೆ. ಕನ್ನಡದಲ್ಲಿ ‘ಕುಂಟುತ್ತ ಒಳಗೆ ಬಂದ’ ಎನ್ನಬೇಕೋ ‘ಕುಂಟುತ್ತ ಒಳಗೆ ಹೋದ’ ಎನ್ನಬೇಕೋ ಎಂಬುದನ್ನು ನಿರ್ಧರಿಸದೆ ವಾಕ್ಯ ಸಹಜವಾಗಿ ಮುಗಿಯುವುದಿಲ್ಲ. ಅಂದರೆ ನಿರೂಪಕ ಬಾಗಿಲ ಒಳಗಿದ್ದಾನೆಯೇ ಹೊರಗಿದ್ದಾನೆಯೇ ಎಂಬುದು ತಿಳಿದಿರಬೇಕು. ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುವ ಅನುವಾದಕರು ಪ್ರತಿ ಪುಟದಲ್ಲಿಯೂ ಇಂತಹ ನಿರ್ಧಾರಗಳನ್ನು ಮಾಡುತ್ತಿರುತ್ತಾರೆ. ಮೂಲದಲ್ಲಿ ಇಲ್ಲದ ಒಂದು ದೃಷ್ಟಿಕೋನವನ್ನು ಅನುವಾದ ಅನಿವಾರ್ಯವಾಗಿ ಸೇರಿಸುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಅದೇ ದೃಷ್ಟಿಕೋನ ಸದ್ದಿಲ್ಲದೆ ಕಳಚಿಬೀಳುತ್ತದೆ.

ಈ ನೆಲೆಯಿಂದ ನೋಡಿದರೆ ಭಾರತೀಯರ ಇಂಗ್ಲಿಷಿನಲ್ಲಿ ತಪ್ಪೆಂದು ಗುರುತಿಸಲಾಗುವ ‘ರಿಟರ್ನ್ ಬ್ಯಾಕ್’ ಎಂಬ ಪ್ರಯೋಗವೂ ಬೇರೆಯಾಗಿ ಕಾಣುತ್ತದೆ. ‘ರಿಟರ್ನ್’ ಎಂಬುದರಲ್ಲಿಯೇ ಮರಳುವ ಅರ್ಥವಿರುವುದರಿಂದ ‘ಬ್ಯಾಕ್’ ಪುನರುಕ್ತಿ ಎಂಬುದು ವ್ಯಾಕರಣದ ಆಕ್ಷೇಪ. ಆದರೆ ‘ಹಿಂದಿರುಗಿ ಬಂದ’, ‘ಹೊಳ್ಳಿ ಬಂದ’ ಎಂದು ಮರಳುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಪದಗಳನ್ನಿಡುವುದು ಅಭ್ಯಾಸವಾಗಿರುವವರಿಗೆ ಒಂದೇ ಪದ ಸಾಲದೆನಿಸುವುದು ಸಹಜ. ಇದನ್ನು ತಿಳಿದ ಶಿಕ್ಷಕರು ‘ಬ್ಯಾಕ್’ ಪದವನ್ನು ಹೊಡೆದುಹಾಕುವುದರ ಜೊತೆಗೆ, ಅದು ನ್ಯಾಯವಾಗಿ ನಿಲ್ಲಬಹುದಾದ ‘ಕಮ್ ಬ್ಯಾಕ್’, ‘ಗೋ ಬ್ಯಾಕ್’, ‘ಗಿವ್ ಬ್ಯಾಕ್’ಗಳನ್ನು ತೋರಿಸಬಲ್ಲರು.

ಇಲ್ಲಿ ಪದಗಳ ಅಂತಸ್ತಿನ ಪ್ರಶ್ನೆಯೂ ಇದೆ. ‘ಎಂಟರ್’, ‘ಎಕ್ಸಿಟ್’, ‘ಅಸೆಂಡ್’, ‘ಡಿಸೆಂಡ್’ ಮುಂತಾದವು ಲ್ಯಾಟಿನ್ ಮೂಲದವು. ದಾರಿಯನ್ನು ತಮ್ಮೊಳಗೇ ಹೊತ್ತವು. ಕನ್ನಡದಲ್ಲಿ ಇವುಗಳಿಗೆ ಸರಿಜೋಡಿಯಾಗುವುದು ಸಂಸ್ಕೃತದಿಂದ ಬಂದ ‘ಪ್ರವೇಶಿಸು’, ‘ನಿರ್ಗಮಿಸು’, ‘ಆರೋಹಿಸು’, ‘ಅವರೋಹಿಸು’ಗಳು. ‘ಗೋ ಇನ್’, ‘ಗೋ ಔಟ್’, ‘ಗೋ ಅಪ್’, ‘ಕಮ್ ಡೌನ್’ಗಳಿಗೆ ಜೋಡಿಯಾಗುವುದು ಮನೆಯ ‘ಒಳಗ ಹೋಗು’, ‘ಹೊರಗ ಹೋಗು’, ‘ಮ್ಯಾಲ ಹೋಗು’, ‘ಕೆಳಗ ಬಾ’ಗಳು. ಎರಡೂ ಭಾಷೆಗಳಲ್ಲಿ ಪುಸ್ತಕದ ಪದರ ಒಂದು, ಅಂಗಳದ ಪದರ ಇನ್ನೊಂದು. ಪಾಠದ ಇಂಗ್ಲಿಷನ್ನು ಚೆನ್ನಾಗಿ ಓದಬಲ್ಲ ವಿದ್ಯಾರ್ಥಿ ಮಾತಿನ ಇಂಗ್ಲಿಷಿನಲ್ಲಿ ತಡವರಿಸುವುದಕ್ಕೆ ಒಂದು ಕಾರಣ, ಅವನಿಗೆ ಪುಸ್ತಕದ ಪದರಕ್ಕೆ ಪುಸ್ತಕದ ಪದರದಿಂದಲೇ ಅರ್ಥ ಕೊಟ್ಟಿರುವುದು.

3. ಗುಣವಾಚಕದ ಕೆಲಸ

ಇಂಗ್ಲಿಷಿನ ಕ್ರಿಯಾಪದದ ಬಲಗಡೆಯ ಸ್ಥಾನದಲ್ಲಿ ದಿಕ್ಕಿನಂತೆಯೇ ಗುಣವಾಚಕವೂ ಬಂದು ಕೂರುತ್ತದೆ. ‘ಪುಷ್ ದ ಡೋರ್ ಓಪನ್’ ಎಂಬಲ್ಲಿ ತಳ್ಳುವುದು ಕ್ರಿಯೆ. ‘ಓಪನ್’ ಅದರ ಪರಿಣಾಮವಾಗಿ ಬಾಗಿಲು ತಲುಪಿದ ಸ್ಥಿತಿ. ‘ಪುಷ್ ದ ಡೋರ್ ಇನ್’ ಎಂದರೆ ದಿಕ್ಕು, ‘ಓಪನ್’ ಎಂದರೆ ಸ್ಥಿತಿ. ಸ್ಥಾನ ಮಾತ್ರ ಒಂದೇ. ಅಡೆಲ್ ಗೋಲ್ಡ್‌ಬರ್ಗ್ 1995ರಲ್ಲಿ ಈ ಬಗೆಯ ರಚನೆಯನ್ನು ಚಲನೆಯ ರಚನೆಯ ರೂಪಕವಿಸ್ತರಣೆ ಎಂದು ವಿವರಿಸಿದರು: ವಸ್ತು ಒಂದು ಜಾಗಕ್ಕೆ ಹೋಗುವಂತೆಯೇ ಒಂದು ಸ್ಥಿತಿಗೂ ‘ಹೋಗುತ್ತದೆ’.

ಕನ್ನಡದಲ್ಲಿ ಇಂತಹ ರಚನೆಯೇ ಇಲ್ಲವೆಂದು ಹೇಳಿಬಿಡುವ ರೂಢಿಯಿದೆ. ಅಡುಗೆಮನೆಯ ಮಾತು ಬೇರೆಯೇ ಹೇಳುತ್ತದೆ. ‘ಈರುಳ್ಳಿ ಸಣ್ಣಗೆ ಹೆಚ್ಚು’, ‘ಖಾರ ನುಣ್ಣಗೆ ಅರೆ’, ‘ರೊಟ್ಟಿ ತೆಳ್ಳಗ ಬಡಿ’ ಎನ್ನುವಾಗ ‘ಸಣ್ಣಗೆ’, ‘ನುಣ್ಣಗೆ’, ‘ತೆಳ್ಳಗ’ ಎಂಬವು ಹೆಚ್ಚುವ, ಅರೆಯುವ, ಬಡಿಯುವ ರೀತಿಯನ್ನು ಹೇಳುತ್ತಿಲ್ಲ. ಬಡಿಯುವ ಕೈ ತೆಳ್ಳಗಿರುವುದಿಲ್ಲ, ತೆಳ್ಳಗಾಗುವುದು ರೊಟ್ಟಿ. ಇವು ಅಪ್ಪಟ ಪರಿಣಾಮವಾಚಕಗಳು. ‘ಚಾಪ್ ಸ್ಮಾಲ್’, ‘ಗ್ರೈಂಡ್ ಫೈನ್’, ‘ಪ್ಯಾಟ್ ಥಿನ್’ಗಳಿಗೆ ನೇರ ಜೋಡಿ. ಇನ್ನೂ ಒಂದು ಸಂಗತಿ ಗಮನಾರ್ಹ. ‘ತೆಳ್ಳಗೆ, ಬೆಳ್ಳಗೆ, ತಣ್ಣಗೆ’ ಎಂಬ ಸ್ಥಿತಿವಾಚಕಗಳೂ ‘ಒಳಗೆ, ಹೊರಗೆ, ಕೆಳಗೆ’ ಎಂಬ ದಿಕ್ಸೂಚಕಗಳೂ ಒಂದೇ ಬಗೆಯ ‘ಗೆ’ಕಾರದಲ್ಲಿ ಕೊನೆಗೊಳ್ಳುತ್ತವೆ. ಎರಡರ ಚರಿತ್ರೆ ಒಂದೇ ಎಂದು ಇದರಿಂದ ಸಾಧಿಸಬೇಕಾಗಿಲ್ಲ. ಇಂಗ್ಲಿಷ್ ಸ್ಥಾನದ ಮೂಲಕ ತೋರಿಸುವ ಸಾಮ್ಯ ಕನ್ನಡದ ಕಿವಿಗೆ ರೂಪದ ಮೂಲಕವೂ ಕೇಳಿಸುತ್ತದೆ ಎಂಬುದಷ್ಟೇ ಪಾಠಕ್ಕೆ ಸಾಕು. ಪದವರ್ಗಗಳನ್ನು ಅವು ವಾಕ್ಯದಲ್ಲಿ ಮಾಡುವ ಕೆಲಸದಿಂದ ಗುರುತಿಸಬೇಕೆಂದು ಡಿ. ಎನ್. ಶಂಕರ ಭಟ್ಟರು ಗುಣವಾಚಕಗಳನ್ನು ಕುರಿತ ತಮ್ಮ 1994ರ ಇಂಗ್ಲಿಷ್ ಗ್ರಂಥದಲ್ಲಿ ವಾದಿಸಿದ್ದು ಇಲ್ಲಿ ಉಪಯುಕ್ತವಾಗುತ್ತದೆ.

ಹಾಗಾದರೆ ‘ಬಾಗಿಲನ್ನು ತೆರೆದಗೆ ತಳ್ಳು’ ಎಂದೇಕೆ ಹೇಳಲಾಗದು? ಜಪಾನಿನ ಭಾಷಾವಿಜ್ಞಾನಿ ರ್ಯೂಇಚಿ ವಾಶಿಯೊ 1997ರಲ್ಲಿ ಮಾಡಿದ ಭೇದ ಇದಕ್ಕೆ ಉತ್ತರ ಕೊಡುತ್ತದೆ. ಪರಿಣಾಮವು ಕ್ರಿಯೆಯ ಅರ್ಥದಲ್ಲಿಯೇ ಅಡಗಿದ್ದರೆ ಅದು ದುರ್ಬಲ ಪರಿಣಾಮರಚನೆ. ಕ್ರಿಯೆಯಿಂದ ಊಹಿಸಲಾಗದ ಪರಿಣಾಮವಾದರೆ ಪ್ರಬಲ ರಚನೆ. ಹೆಚ್ಚಿದ್ದು ಸಣ್ಣದಾಗುವುದು, ಅರೆದದ್ದು ನುಣ್ಣಗಾಗುವುದು ನಿರೀಕ್ಷಿತ. ತಳ್ಳಿದ್ದೆಲ್ಲ ತೆರೆದುಕೊಳ್ಳುವುದಿಲ್ಲ. ಜಪಾನಿ ಭಾಷೆ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ಇಂಗ್ಲಿಷ್ ಎರಡನ್ನೂ ಒಪ್ಪುತ್ತದೆ. ಮೇಲಿನ ಉದಾಹರಣೆಗಳನ್ನು ನೋಡಿದರೆ ಕನ್ನಡವೂ ಜಪಾನಿಯ ಜೊತೆಗೇ ನಿಲ್ಲುತ್ತದೆ. ಪ್ರಬಲ ಪರಿಣಾಮ ಬಂದಾಗ ಕನ್ನಡ ಮತ್ತೆ ಎರಡು ಕ್ರಿಯೆಗಳಿಗೆ ಮರಳುತ್ತದೆ: ‘ಬಾಗಿಲು ತಳ್ಳಿ ತೆಗೆದಳು’. ‘ಷೌಟ್ ಯುವರ್‌ಸೆಲ್ಫ್ ಹೋರ್ಸ್’ ಎಂಬುದಕ್ಕೆ ‘ಕೂಗಿ ಕೂಗಿ ಗಂಟಲು ಕಟ್ಟಿತು’. ಕಾರಣ ಮೊದಲು, ಪರಿಣಾಮ ಆಮೇಲೆ ಎಂಬ ಅನುಕ್ರಮ ಎರಡೂ ಭಾಷೆಗಳಲ್ಲಿ ಒಂದೇ. ಪೂರ್ಣಕ್ರಿಯೆಯ ಪಟ್ಟ ಯಾರಿಗೆ ಎಂಬುದರಲ್ಲಿ ಮಾತ್ರ ಭೇದ. ಮೊದಲನೆಯ ಭಾಗದಲ್ಲಿ ಓಟದ ವಾಕ್ಯದಲ್ಲಿ ಕಂಡದ್ದೂ ಇದೇ ಭೇದ.

4. ಬತ್ತು, ಒಣಗು, ಆರು

ಇಂಗ್ಲಿಷಿನಲ್ಲಿ ಗುಣವಾಚಕವೇ ರೂಪ ಬದಲಿಸದೆ ಕ್ರಿಯಾಪದವಾಗಿ, ಅನಂತರ ದಿಕ್ಕನ್ನು ಪಡೆಯುವುದೂ ಉಂಟು: ‘ಕಾಮ್ ಡೌನ್’, ‘ಸ್ಲೋ ಡೌನ್’, ‘ವಾರ್ಮ್ ಅಪ್’, ‘ಕೂಲ್ ಆಫ್’, ‘ಥಿನ್ ಔಟ್’. ಪದಕೋಶದಲ್ಲಿ ಇವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಕಾದ ನುಡಿಗಟ್ಟುಗಳಂತೆ ಕೊಡಲಾಗುತ್ತದೆ. ಆದರೆ ದಿಕ್ಕು ಇಲ್ಲಿ ಸುಮ್ಮನೆ ಬಂದಿರುವುದಿಲ್ಲ. ‘ಡ್ರೈ’ ಎಂಬ ಒಂದೇ ಪದವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ಡ್ರೈ ಅಪ್’ ಎಂದರೆ ನೀರೇ ಇಲ್ಲವಾಗುವುದು. ಬಾವಿ, ಹಳ್ಳ, ಕೆರೆಗಳಿಗೆ ಸಲ್ಲುತ್ತದೆ. ‘ಡ್ರೈ ಔಟ್’ ಎಂದರೆ ಒಳಗಿನ ತೇವ ಹೊರಹೋಗುವುದು. ಮಣ್ಣು, ಮರ, ಕಾಳುಗಳಿಗೆ ಸಲ್ಲುತ್ತದೆ. ‘ಡ್ರೈ ಆಫ್’ ಎಂದರೆ ಮೇಲ್ಮೈಯ ನೀರು ಹೋಗುವುದು. ಮಿಂದ ಮೈಗೆ ಸಲ್ಲುತ್ತದೆ.

ಈ ಮೂರು ಭೇದಗಳೂ ಕನ್ನಡದಲ್ಲಿವೆ; ಆದರೆ ಅವು ಧಾತುಗಳಲ್ಲಿಯೇ ಇವೆ. ಬಾವಿ ಬತ್ತುತ್ತದೆ, ಕಣದ ತೊಗರಿ ಒಣಗುತ್ತದೆ, ಒದ್ದೆ ಮೈ ಆರುತ್ತದೆ. ‘ಬಾವಿ ಆರಿತು’ ಎಂದು ಯಾವ ಕನ್ನಡ ಮಗುವೂ ಹೇಳುವುದಿಲ್ಲ. ಈ ವಿವೇಕ ಅದಕ್ಕೆ ಶಾಲೆಗೆ ಹೋಗುವ ಮೊದಲೇ ಇರುತ್ತದೆ. ‘ಅಪ್’, ‘ಔಟ್’, ‘ಆಫ್’ಗಳ ಪಾಠವನ್ನು ‘ಬತ್ತು’, ‘ಒಣಗು’, ‘ಆರು’ಗಳಿಂದ ಆರಂಭಿಸಿದರೆ, ಕಲಿಯಬೇಕಾಗಿರುವುದು ಒಂದು ಹೊಸ ಅರ್ಥಭೇದವಲ್ಲ, ತಿಳಿದಿರುವ ಅರ್ಥಭೇದಕ್ಕೆ ಒಂದು ಹೊಸ ಸ್ಥಾನ ಎಂಬುದು ಮಗುವಿಗೆ ಹೊಳೆಯುತ್ತದೆ. ಮೂರಕ್ಕೂ ‘ಶುಷ್ಕವಾಗು’ ಎಂಬ ಒಂದೇ ಅರ್ಥ ಕೊಟ್ಟರೆ ಇರುವ ವಿವೇಕವೂ ಮರೆಯಾಗುತ್ತದೆ.

5. ಕೆಟ್ಟುಹೋಗುವುದು, ಕೂಡಿಬರುವುದು

ಗುಣವಾಚಕಕ್ಕೆ ಮೊದಲು ‘ಗೋ’ ಬರಬೇಕೋ ‘ಕಮ್’ ಬರಬೇಕೋ ಎಂಬುದು ಇನ್ನೊಂದು ತೊಡಕು. ಹಾಲು ‘ಗೋಸ್ ಸೋರ್’, ಮನುಷ್ಯ ‘ಗೋಸ್ ಮ್ಯಾಡ್’, ವ್ಯಾಪಾರಿ ‘ಗೋಸ್ ಬ್ಯಾಂಕ್ರಪ್ಟ್’; ಕನಸು ಮಾತ್ರ ‘ಕಮ್ಸ್ ಟ್ರೂ’, ಕೆಟ್ಟ ಕೆಲಸ ಕೊನೆಗೆ ‘ಕಮ್ಸ್ ರೈಟ್’. ಈವ್ ಕ್ಲಾರ್ಕ್ 1974ರ ಲೇಖನವೊಂದರಲ್ಲಿ ಇದರ ಹಿಂದಿನ ತರ್ಕವನ್ನು ತೋರಿಸಿದರು. ಸಹಜ ಅಥವಾ ಇಷ್ಟವಾದ ಸ್ಥಿತಿಯೇ ಮಾತುಗಾರನ ನೆಲೆ. ಅದರ ಕಡೆಗೆ ಬಂದರೆ ‘ಕಮ್’, ಅದನ್ನು ಬಿಟ್ಟು ಸರಿದರೆ ‘ಗೋ’.

ಕನ್ನಡದ ‘ಹೋಗು’ ಮತ್ತು ‘ಬರು’ಗಳು ಸಹಾಯಕ್ರಿಯೆಗಳಾದಾಗ ಬಹುಮಟ್ಟಿಗೆ ಇದೇ ನೆಲೆಯಲ್ಲಿ ನಿಲ್ಲುತ್ತವೆ. ಹಾಲು ಕೆಟ್ಟುಹೋಗುತ್ತದೆ, ಬಟ್ಟೆ ಹರಿದುಹೋಗುತ್ತದೆ, ಬೆಳೆ ಒಣಗಿಹೋಗುತ್ತದೆ, ಬಾವಿ ಬತ್ತಿಹೋಗುತ್ತದೆ. ಕಾಲ ಕೂಡಿಬರುತ್ತದೆ, ಅವಕಾಶ ಒದಗಿಬರುತ್ತದೆ, ಪದ್ಧತಿ ನಡೆದುಬರುತ್ತದೆ. ‘ಕೂಡಿಹೋಯಿತು’ ಎಂದು ಮುಹೂರ್ತವನ್ನೋ ‘ಹರಿದುಬಂತು’ ಎಂದು ಬಟ್ಟೆಯನ್ನೋ ಕುರಿತು ಹೇಳಿದರೆ ಕೇಳುವವರು ನಗುತ್ತಾರೆ. ಕನ್ನಡದ ‘ಬರು’ವಿಗೆ ಅಂದಿನಿಂದ ಇಂದಿನವರೆಗೆ ಎಂಬ ಕಾಲದ ಛಾಯೆ ಹೆಚ್ಚು, ಹಾಗಾಗಿ ಹೊಂದಿಕೆ ಪೂರ್ಣವಲ್ಲ. ಆದರೂ ‘ಗೋ ಬ್ಯಾಡ್’ ಎಂಬುದಕ್ಕೆ ‘ಹಾಳಾಗು’ ಎಂಬ ಅರ್ಥಕ್ಕಿಂತ ‘ಕೆಟ್ಟುಹೋಗು’ ಎಂಬುದು ಉತ್ತಮ ಪ್ರವೇಶದ್ವಾರ. ಇಂಗ್ಲಿಷಿನ ‘ಗೋ’ ಏಕೆ ಅಲ್ಲಿದೆ ಎಂಬುದನ್ನು ಅದು ತಾನಾಗಿಯೇ ವಿವರಿಸುತ್ತದೆ.

6. ಮೂರು ಭಾಷೆಗಳ ಸಾಕ್ಷ್ಯ

ದಿಕ್ಕಿನ ಅವ್ಯಯ ಕೆಲವೊಮ್ಮೆ ದಿಕ್ಕನ್ನೇ ಬಿಟ್ಟುಕೊಟ್ಟು ಮುಕ್ತಾಯವನ್ನು ಮಾತ್ರ ಸೂಚಿಸುತ್ತದೆ. ‘ಈಟ್ ಅಪ್’ ಎಂಬಲ್ಲಿ ಮೇಲಕ್ಕೆ ಹೋಗುವುದು ಏನೂ ಇಲ್ಲ. ತಟ್ಟೆ ಬರಿದಾಗುವವರೆಗೆ ತಿನ್ನುವುದು ಎಂದರ್ಥ. ಇಂತಹ ಮುಕ್ತಾಯಕ್ಕೆ ಕನ್ನಡ ಸಹಾಯಕ್ರಿಯೆಗಳನ್ನು ಬಳಸುತ್ತದೆ: ‘ತಿಂದುಬಿಡು’, ‘ತಿಂದುಹಾಕು’. ಜಹೀರಾಬಾದಿನ ಪೇಟೆಯಲ್ಲಿ ದಖನಿಯವರು ‘ಖಾ ಡಾಲ್ಯಾ’ ಎನ್ನುತ್ತಾರೆ. ತೆಲುಗಿನವರು ‘ತಿನೇಸಿಂಡು’ ಎನ್ನುತ್ತಾರೆ. ‘ಡಾಲ್ನಾ’ ಎಂದರೆ ಹಾಕು. ‘ತಿನೇಸಿಂಡು’ವಿನಲ್ಲಿ ಅಡಗಿರುವ ‘ವೇಯು’ ಎಂದರೂ ಹಾಕು. ಎರಡು ಭಾಷಾಕುಲಗಳಿಗೆ ಸೇರಿದ ಮೂರು ಭಾಷೆಗಳು ಮುಕ್ತಾಯವನ್ನು ‘ಹಾಕು’ವ ಒಂದೇ ಸನ್ನೆಯಿಂದ ಸೂಚಿಸುತ್ತಿವೆ. ಓಟದ ವಾಕ್ಯವೂ ಹಾಗೆಯೇ: ಕನ್ನಡದ ‘ಓಡಿ ಹೋದ್ಳು’, ತೆಲಂಗಾಣ ತೆಲುಗಿನ ‘ಉರಿಕಿ ಪೋಯಿಂದಿ’, ದಖನಿಯ ‘ಭಾಗ್ ಕೇ ಗಯೀ’ ಒಂದೇ ಅಚ್ಚಿನವು.

ಇದು ಈ ಮೂರು ಊರುಗಳಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಕಾಲಿನ್ ಮಸಿಕಾ 1976ರಲ್ಲಿ ಇಂತಹ ನ್ಯೂನಕ್ರಿಯೆಗಳನ್ನೂ ಸಂಯುಕ್ತ ಕ್ರಿಯಾಪದಗಳನ್ನೂ ದಕ್ಷಿಣ ಏಷ್ಯಾದ ಭಾಷಿಕ ಪ್ರದೇಶದ ಲಕ್ಷಣಗಳಾಗಿ ಪರಿಶೀಲಿಸಿದರು. ಅದಕ್ಕೂ ಮೊದಲು, 1971ರಲ್ಲಿ, ಗಂಪರ್ಜ್ ಮತ್ತು ವಿಲ್ಸನ್ ಸಾಂಗ್ಲಿ ಜಿಲ್ಲೆಯ ಗಡಿಗ್ರಾಮವಾದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ತಮ್ಮ ತಮ್ಮ ಪದಗಳನ್ನು ಉಳಿಸಿಕೊಂಡೂ ವಾಕ್ಯರಚನೆಯಲ್ಲಿ ಒಂದಾಗಿರುವುದನ್ನು ದಾಖಲಿಸಿದರು. ಜಹೀರಾಬಾದಿನ ಬಹುಭಾಷಿಕ ಮಗುವಿಗೆ ಇದರಿಂದ ದೊರೆಯುವ ಲಾಭ ಸ್ಪಷ್ಟ. ಅದರ ಮೂರು ಭಾಷೆಗಳು ಮೂರು ಅಡ್ಡಿಗಳಾಗಿಲ್ಲ; ಒಂದೇ ರಚನೆಯನ್ನು ಮೂರು ಸಲ ಖಚಿತಪಡಿಸಿವೆ. ಇಂಗ್ಲಿಷ್ ಆ ರಚನೆಯ ಮಗುಚಿದ ರೂಪವೆಂದು ಒಮ್ಮೆ ತಿಳಿದರೆ, ಪ್ರತಿಯೊಂದು ‘ಅಪ್’, ‘ಔಟ್’, ‘ಬ್ಯಾಕ್’ಗಳನ್ನೂ ಒಂಟಿಯಾಗಿ ಬಾಯಿಪಾಠ ಮಾಡುವ ಹೊರೆ ತಗ್ಗುತ್ತದೆ.

7. ಪಾಠಕ್ಕೆ ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಶಾಲೆಗೆ ಒಯ್ಯಬಹುದಾದ ಮಾತುಗಳು ಮೂರು. ಮೊದಲನೆಯದಾಗಿ, ಇಂತಹ ಇಂಗ್ಲಿಷ್ ಜೋಡಣೆಗಳಿಗೆ ಒಂದೇ ಪದದ ಶಿಷ್ಟ ಅರ್ಥವನ್ನು ಕೊಡುವ ಬದಲು ಎರಡು ಕ್ರಿಯೆಗಳ ಮನೆಮಾತಿನ ರೂಪವನ್ನು ಕೊಡಬೇಕು: ‘ಪುಲ್ ಔಟ್’ ಎಂಬುದಕ್ಕೆ ‘ಎಳೆದು ತೆಗೆ’, ‘ಥ್ರೋ ಅವೇ’ ಎಂಬುದಕ್ಕೆ ‘ಒಗೆದುಬಿಡು’. ಎರಡನೆಯದಾಗಿ, ಕನ್ನಡದ ಎರಡನೆಯ ಕ್ರಿಯೆ ಇಂಗ್ಲಿಷಿನಲ್ಲಿ ದಿಕ್ಕು ಅಥವಾ ಗುಣವಾಚಕವಾಗುತ್ತದೆ, ಮೊದಲನೆಯದು ಕಾಲವನ್ನು ಹೊರುತ್ತದೆ ಎಂಬ ಸೂತ್ರವನ್ನು ಹಲವು ವಾಕ್ಯಗಳಲ್ಲಿ ಮಗುಚಿ ತೋರಿಸಬೇಕು. ಮೂರನೆಯದಾಗಿ, ಸರ್ವನಾಮ ಬಂದಾಗ ಅದು ನಡುವೆ ಕೂರುತ್ತದೆ ಎಂಬ ಇಂಗ್ಲಿಷಿನ ನಿಯಮಕ್ಕೆ ಈ ಮೂರು ಭಾಷೆಗಳಲ್ಲಿ ಜೋಡಿಯಿಲ್ಲದ ಕಾರಣ, ‘ಪಿಕ್ ಇಟ್ ಅಪ್’, ‘ಪುಷ್ ಇಟ್ ಓಪನ್’ಗಳನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು. ಮನೆಮಾತು ಎಲ್ಲಿ ನೆರವಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬ ಗಡಿಯನ್ನು ಪ್ರಾಮಾಣಿಕವಾಗಿ ತೋರಿಸುವುದೂ ಪಾಠದ ಭಾಗವೇ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರಿದ್ದೂ 1956ರ ಏಳನೆಯ ತಿದ್ದುಪಡಿಯಿಂದಲೇ. ಆ ವಿಧಿಯನ್ನು ಸಾಮಾನ್ಯವಾಗಿ ಹಕ್ಕಿನ ಭಾಷೆಯಲ್ಲಿ, ಇಂಗ್ಲಿಷಿನ ಬೇಡಿಕೆಗೆ ಎದುರಾಗಿ ನಿಲ್ಲಿಸಿ ಚರ್ಚಿಸಲಾಗುತ್ತದೆ. ಇಂಗ್ಲಿಷನ್ನೇ ಚೆನ್ನಾಗಿ ಕಲಿಸುವುದಕ್ಕೂ ಮನೆಮಾತು ಬೇಕು ಎಂಬ ವಾದಕ್ಕೆ ‘ಹೊಳ್ಳಿ’, ‘ತೆಳ್ಳಗ’, ‘ಬತ್ತಿಹೋಯಿತು’ ಎಂಬಂತಹ ಸಾಧಾರಣ ಪದಗಳು ಆಧಾರ ಒದಗಿಸುತ್ತವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡದಲ್ಲಿ ಇಂತಹ ಸಂಯುಕ್ತ ಕ್ರಿಯೆಗಳನ್ನು ಅವುಗಳ ತೆಲುಗು ಮತ್ತು ದಖನಿ ಜೋಡಿಗಳ ಸಮೇತ ಸಂಗ್ರಹಿಸಿ, ಇಂಗ್ಲಿಷಿನ ಎದುರಿಗಿಟ್ಟು ಒಂದು ಸಣ್ಣ ಕೈಪಿಡಿಯನ್ನು ಸಿದ್ಧಪಡಿಸುವುದು ಈ ದಿಕ್ಕಿನಲ್ಲಿ ಆಗಬೇಕಾದ ಮೊದಲ ಕೆಲಸ. ಅದಕ್ಕೆ ಬೇಕಾದ ಸಾಮಗ್ರಿ ಆ ಊರುಗಳ ಅಡುಗೆಮನೆ, ಹೊಲ, ಪೇಟೆಗಳ ಮಾತಿನಲ್ಲಿಯೇ ಇದೆ.